ಕೊರಳಲ್ಲಿ ಬೂಟು, ಬಾಯಿಗೆ ಬೀಗ

ಕಳೆದ ಭಾನುವಾರ ನನ್ನ ಹೊಸ ರನ್ನಿಂಗ್ ಬೂಟುಗಳು ಹದಿನೆಂಟು ಕಿಲೋಮೀಟರ್ ಪ್ರಯಾಣ ಮಾಡಿದವು. ಅಡಿ ಸವೆದಿಲ್ಲ, ಕೆಸರು ಮೆತ್ತಿಲ್ಲ, ಲೇಸಿನ ಬಣ್ಣ ಹಾಗೇ ಇದೆ. ಬೇಕಾದರೆ ಅಂಗಡಿಗೆ ವಾಪಸು ಕೊಡಬಹುದು. ಯಾಕೆಂದರೆ ಅಷ್ಟೂ ದಾರಿ ಅವು ನನ್ನ ಕೊರಳಲ್ಲಿದ್ದವು.

ಕಾಲು ಬರಿಗಾಲು. ಕಂಕುಳಲ್ಲಿ ತೆಂಗಿನಕಾಯಿ. ಬಾಯಿ ಬಂದ್.

ಹೌದು, ಬಂದ್. ಈ ಅಂಕಣವನ್ನು ಮೊದಲಿನಿಂದ ಓದುತ್ತಾ ಬಂದವರು ಇಲ್ಲಿ ನಿಂತು ಕನ್ನಡಕ ಒರೆಸಿಕೊಳ್ಳುತ್ತೀರಿ ಎಂದು ನನಗೆ ಗೊತ್ತು. ಒರೆಸಿಕೊಳ್ಳಿ. ಗಣಪತಿ ಪೆಂಡಾಲಿನಲ್ಲಿ ಊರಿನ ಹಿರಿಯರೆಲ್ಲರ ದನಿ ಅಣಕಿಸಿ ಅವರಿಂದಲೇ ಹಾರ ಹಾಕಿಸಿಕೊಂಡವನು ನಾನು. ಸತ್ತವರ ಮನೆಯಲ್ಲೂ ಸತ್ತವರ ಕೆಮ್ಮು ಕೆಮ್ಮಿ ಒದೆ ತಿಂದವನು ನಾನು. ಅಂಥವನು ಒಂದು ಬೆಳಗಿನಿಂದ ಮಧ್ಯಾಹ್ನದವರೆಗೆ ತುಟಿ ಬಿಚ್ಚಲಿಲ್ಲ. ಬಿಚ್ಚಲಿಲ್ಲ ಎಂದರೆ ಬಿಚ್ಚಲಿಲ್ಲ. (ಬಹುತೇಕ. ಅದಕ್ಕೆ ಆಮೇಲೆ ಬರುತ್ತೇನೆ.)

ಎಲ್ಲ ಶುರುವಾದದ್ದು ಒಂದು ರೀಲಿನಿಂದ. ಯಾವುದೋ ತಂಪು ದೇಶದ ಹುಡುಗನೊಬ್ಬ ತೊರೆಯ ಪಕ್ಕದ ಕಾಲುದಾರಿಯಲ್ಲಿ ಓಡುತ್ತಿದ್ದ. ಒಂದು ಕಡೆ ನೀರು, ಇನ್ನೊಂದು ಕಡೆ ಕೆಂಪೆಲೆಯ ಮರ. ಅವನ ಮುಖದಲ್ಲಿ ಬೆವರು ಇರಬೇಕಾದ ಜಾಗದಲ್ಲಿ ನೆಮ್ಮದಿ ಇತ್ತು. ನಾನು ಅದನ್ನು ನೋಡಿದ್ದು ರಾಣೇಬೆನ್ನೂರಿನ ನಮ್ಮ ಕಾಕಾನ ಬೀಜದ ಅಂಗಡಿಯಲ್ಲಿ, ಮೆಕ್ಕೆಜೋಳದ ಚೀಲಕ್ಕೆ ಒರಗಿ ಮಿರ್ಚಿ ತಿನ್ನುತ್ತಾ. ತಟ್ಟೆ ಖಾಲಿಯಾಗುವಷ್ಟರಲ್ಲಿ ನಾನು ಓಟಗಾರನಾಗಿದ್ದೆ.

ರಾಣೇಬೆನ್ನೂರಿನವರಿಗೆ ಓಟವೇನು ಹೊಸದೇ, ನಿಮ್ಮಲ್ಲಿ ಕೃಷ್ಣಮೃಗಗಳಿವೆಯಲ್ಲ ಎನ್ನುತ್ತೀರೇನೋ. ಅದೇ ಬಂದಿರುವ ತೊಂದರೆ. ನಮ್ಮ ತಾಲ್ಲೂಕಿನ ಪಾಲಿನ ಓಟವನ್ನೆಲ್ಲ ಅವೇ ಗುತ್ತಿಗೆ ಹಿಡಿದಿವೆ. ನಮಗೆ ಉಳಿದದ್ದು ಕೂತು ಮಾತಾಡುವ ಕೆಲಸ.

ಮೊದಲು ಒಂದು ಆಪ್ ಇಳಿಸಿಕೊಂಡೆ. ಅದು ವಯಸ್ಸು ಕೇಳಿತು, ತೂಕ ಕೇಳಿತು, ನೀವು ಎಷ್ಟು ಚಟುವಟಿಕೆಯವರು ಎಂದು ಕೇಳಿತು. ‘ಸಾಧಾರಣ’ ಎಂದು ಒತ್ತಿದೆ. (ಬಾಯಿಯನ್ನೂ ಲೆಕ್ಕಕ್ಕೆ ಹಿಡಿಯುವುದಾಗಿದ್ದರೆ ‘ವಿಪರೀತ’ ಎಂದು ಒತ್ತಬೇಕಿತ್ತು.) ಆಮೇಲೆ ಸ್ಯಾಟಲೈಟ್ ಮ್ಯಾಪು ತೆಗೆದು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನನ್ನ ತೊರೆ ಹುಡುಕಿದೆ. ಸಿಕ್ಕಿತು! ನಮ್ಮ ದೊಡ್ಡವ್ವನ ಊರಿನ ಬೆನ್ನಿಗೇ ಒಂದು ಹಳ್ಳ ಹರಿಯುತ್ತದೆ. ಹಳ್ಳದ ದಂಡೆ ಹಿಡಿದರೆ ವರದಾ ನದಿ, ವರದೆಯ ದಂಡೆ ಹಿಡಿದರೆ ಅದು ತುಂಗಭದ್ರೆಗೆ ಸೇರುವ ಗಳಗನಾಥ. ಇಡೀ ದಾರಿ ಮ್ಯಾಪಿನಲ್ಲಿ ಹಸಿರು, ನಡುವೆ ನೂಲಿನಂಥ ಕಾಲುದಾರಿ. ಕೊನೆಗೆ ಗಳಗೇಶ್ವರನ ಗುಡಿ, ಎದುರಿಗೆ ಕೂಡುವ ಎರಡು ನದಿ, ಫೋಟೋ. ಇನ್ನೇನು ಬೇಕು?

(ದೊಡ್ಡವ್ವನ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನನ್ನನ್ನು ಹುಡುಕಿಕೊಂಡು ಅಲ್ಲಿಗೆ ಬರುವವರಿದ್ದಾರೆ, ಯಾರೆಂದು ಮುಂದೆ ತಿಳಿಯುತ್ತದೆ.)

ಓಡುವ ಮೊದಲು ಬೂಟು ಬೇಕು. ಬ್ಯಾಡಗಿಯಲ್ಲಿ ನನ್ನ ಗೆಳೆಯ ರಫೀಕನ ಚಪ್ಪಲಿ ಅಂಗಡಿ ಇದೆ. ಮೆಣಸಿನಕಾಯಿ ಪೇಟೆಗೆ ಹತ್ತಿರವಾದ್ದರಿಂದ ಅಲ್ಲಿಗೆ ಹೋದ ಗಿರಾಕಿ ಮೊದಲು ನಾಲ್ಕು ಸಲ ಸೀನುತ್ತಾನೆ, ಕಣ್ಣೀರು ಒರೆಸಿಕೊಳ್ಳುತ್ತಾನೆ, ಆಮೇಲೆ ಕಾಲು ಕೊಡುತ್ತಾನೆ. ಕಣ್ಣು ಮಂಜಾಗಿರುವಾಗ ರಫೀಕ ಅವನಿಗೆ ಬೇಕಾದ ಬೂಟಿನ ಬದಲು ತನಗೆ ಮಾರಬೇಕಾದ ಬೂಟು ಹಾಕಿಸುತ್ತಾನೆ. ನನಗೂ ಹಾಗೇ ಹಾಕಿಸಿದ. ಗಿಣಿಹಸಿರು ಬಣ್ಣ, ಕಿತ್ತಳೆ ಲೇಸು. ದಾರಿಯುದ್ದಕ್ಕೂ ಬೈಕಿನಲ್ಲಿ ಜೊತೆಗೆ ಬರುತ್ತೇನೆ, ನೀನು ಓಡುವಾಗ ಬೂಟಿನ ವಿಡಿಯೋ ತೆಗೆದು ಅಂಗಡಿಯ ಸ್ಟೇಟಸ್ಸಿಗೆ ಹಾಕುತ್ತೇನೆ ಎಂದ. ನನ್ನ ಮುಖ ಬರುತ್ತದೆಯೇ ಎಂದು ಕೇಳಿದೆ. ಮೊಣಕಾಲಿನಿಂದ ಕೆಳಗೆ ಮಾತ್ರ ಎಂದ.

ಇಷ್ಟಾದ ಮೇಲೆ ನಾನು ಮಾಡಿದ ತಪ್ಪು ಒಂದೇ: ಊರಿಗೆಲ್ಲ ಹೇಳಿದ್ದು.

ನಮ್ಮ ಕಡೆ ಮನುಷ್ಯ ಯಾಕೆ ಓಡುತ್ತಾನೆ? ಬಸ್ಸು ಹೊರಟಿದ್ದರೆ ಓಡುತ್ತಾನೆ. ನಾಯಿ ಬೆನ್ನು ಹತ್ತಿದ್ದರೆ ಓಡುತ್ತಾನೆ. ಇವೆರಡೂ ಇಲ್ಲದೆ, ಅದೂ ಒಂದು ದೇವಸ್ಥಾನದ ಕಡೆಗೆ, ಸ್ವಂತ ಕಾಲಿನ ಮೇಲೆ ಹದಿನೆಂಟು ಕಿಲೋಮೀಟರ್ ಹೊರಟಿದ್ದಾನೆ ಎಂದರೆ ಅದಕ್ಕೆ ಒಂದೇ ಕಾರಣ. ಹರಕೆ. ಕಾಕಾ ನನ್ನ ಮುಖ ನೋಡಿ, ಏನು ಬೇಡಿಕೊಂಡಿದ್ದೀ ಎಂದ. ಏನೂ ಇಲ್ಲ, ಸುಮ್ಮನೆ ಎಂದೆ. ‘ಸುಮ್ಮನೆ’ ಎಂಬುದು ನಮ್ಮ ಜಿಲ್ಲೆಯಲ್ಲಿ ಉತ್ತರವೆಂದು ಮಾನ್ಯವಾಗಿಲ್ಲ. ಆರೋಗ್ಯಕ್ಕೆ ಎಂದೆ. ಸಂಜೆಯ ಹೊತ್ತಿಗೆ ಎದುರಿನ ಹೋಟೆಲಿನವನು ನನಗೆ ಸಕ್ಕರೆ ಇಲ್ಲದ ಚಹಾ ಕಳಿಸಿದ. ಮರುದಿನ ಸೂರ್ಯಕಾಂತಿ ಬೀಜಕ್ಕೆ ಬಂದ ಕುಪ್ಪೇಲೂರಿನ ಅಜ್ಜ ನನ್ನ ಬೆನ್ನು ಸವರಿ, ಹೆಣ್ಣು ಸಿಗದಿದ್ದರೆ ಧೈರ್ಯ ಬಿಡಬೇಡ, ನಡೆದು ಹೋದವರಿಗೆ ಗಳಗೇಶ್ವರ ಇಲ್ಲ ಎಂದಿಲ್ಲ ಎಂದ. ಅಜ್ಜ ಹೋದ ಮೇಲೆ ಅವನ ದನಿಯಲ್ಲೇ ಅದನ್ನು ಹೇಳಿ ಅಂಗಡಿಯನ್ನೆಲ್ಲ ನಗಿಸಿದೆ. ನಕ್ಕವರಲ್ಲಿ ಇಬ್ಬರು, ಹೆಣ್ಣು ಸಿಕ್ಕಿಲ್ಲವೆಂಬುದು ಖರೆ ಹಾಗಾದರೆ ಎಂದರು.

ಸುದ್ದಿ ದೊಡ್ಡವ್ವನಿಗೂ ಮುಟ್ಟಿತು.

ದೊಡ್ಡವ್ವ ಎಂದರೆ ನಮ್ಮ ಅಪ್ಪನ ಅಣ್ಣನ ಹೆಂಡತಿ, ಗಂಗವ್ವ. ನನ್ನ ಚಿಕ್ಕಂದಿನಲ್ಲಿ ಎಲ್ಲರೂ ಆ ಒಂದೇ ಮನೆಯಲ್ಲಿದ್ದೆವು, ನಾನು ಬೆಳೆದದ್ದು ಅವಳ ಸೊಂಟದ ಮೇಲೆ. ಈಗಲೂ ಮಗ, ಸೊಸೆ, ಮೊಮ್ಮಕ್ಕಳು, ಎರಡು ಎಮ್ಮೆ, ಎಲ್ಲರ ಮೇಲೂ ಕೂತಲ್ಲಿಂದಲೇ ದರ್ಬಾರು ನಡೆಸುತ್ತಾಳೆ. ಕೂತಲ್ಲಿಂದಲೇ, ಯಾಕೆಂದರೆ ಮೊಣಕಾಲು ಹೋಗಿವೆ. ನಾನು ಅವಳಿಗೆ ಎಂದೂ ನನ್ನ ದನಿಯಲ್ಲಿ ಫೋನು ಮಾಡಿದವನಲ್ಲ. ಒಮ್ಮೆ ಲೈನ್‌ಮನ್, ಒಮ್ಮೆ ಬ್ಯಾಂಕಿನ ಮ್ಯಾನೇಜರು. ಒಮ್ಮೆ ಗ್ಯಾಸಿನವನಾಗಿ ಮಾತಾಡಿದ್ದಕ್ಕೆ ಖಾಲಿ ಸಿಲಿಂಡರನ್ನು ಸೊಸೆಯ ಕೈಲಿ ಬಾಗಿಲಿಗೆ ತರಿಸಿಕೊಂಡು ಮಧ್ಯಾಹ್ನದ ತನಕ ಕಾದಿದ್ದಳು.

ಶನಿವಾರ ಸಂಜೆ ನಾನೂ ರಫೀಕನೂ ಅವಳ ಮನೆ ಸೇರಿದೆವು. ಬೆಳಿಗ್ಗೆ ಅಲ್ಲಿಂದಲೇ ಓಟ. ರೊಟ್ಟಿ, ಎಣ್ಣೆಗಾಯಿ ಮುಗಿಸಿ ನಾನು ಎಲ್ಲರಿಗೂ ಬೂಟು ತೋರಿಸುತ್ತಾ ಅದರ ಅಡಿಯಲ್ಲಿ ಗಾಳಿ ತುಂಬಿದೆ ಎಂದು ವಿವರಿಸುತ್ತಿದ್ದೆ. ದೊಡ್ಡವ್ವ ದೇವರ ಕೋಣೆಯಿಂದ ಅರಿಷಿಣ ಹಚ್ಚಿದ ಒಂದು ತೆಂಗಿನಕಾಯಿ ತರಿಸಿ ನನ್ನ ತೊಡೆಯ ಮೇಲಿಟ್ಟಳು.

“ಬಸು, ಈ ಕಾಯಿ ನಿಂದ,” ಎಂದಳು. “ನಾಕ ವರ್ಷ ಆದ್ರೂ ನಿನ್ನ ಬಾಯಾಗ ಒಂದು ಮಾತು ಬಂದಿದ್ದಿಲ್ಲ, ಗೊತ್ತೈತೇನು?”

ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಅವಳು ಹೇಳಿದಳು. ಎಮ್ಮೆಯ ಹಾಗೆ ಕೂಗುತ್ತಿದ್ದೆನಂತೆ. ಗಿರಣಿಯ ಸದ್ದು ಮಾಡುತ್ತಿದ್ದೆನಂತೆ. ಬಸ್ಸಿನ ಹಾರ್ನು, ದೊಡ್ಡಪ್ಪನ ಗೊರಕೆ, ಎಲ್ಲ ಬರುತ್ತಿತ್ತು. ಅವ್ವ, ಅಪ್ಪ ಎನ್ನುವುದು ಮಾತ್ರ ಬರುತ್ತಿರಲಿಲ್ಲ. ನನ್ನವ್ವ ಮೂಲೆಯಲ್ಲಿ ಕೂತು ಅಳುವುದನ್ನು ನೋಡಲಾರದೆ ದೊಡ್ಡವ್ವ ಹರಕೆ ಹೊತ್ತಳು. ಈ ಕೂಸಿಗೆ ಮಾತು ಬರಲಿ, ಗಳಗೇಶ್ವರನ ತನಕ ದಂಡೆ ಹಿಡಿದು ಬರಿಗಾಲಿನಲ್ಲಿ ನಡೆದು ಬರುತ್ತೇನೆ, ಕಾಯಿ ಒಡೆಯುವ ತನಕ ಒಂದು ಮಾತೂ ಆಡುವುದಿಲ್ಲ. ಕೂಸಿಗೆ ಮಾತು ಕೊಡಿಸಿಕೊಳ್ಳಲು ತನ್ನ ಮಾತನ್ನು ಒತ್ತೆ ಇಟ್ಟಿದ್ದಳು.

ಒಂದು ಸಂಜೆ ಹಳ್ಳದ ಕಡೆಯಿಂದ ನವಿಲು ಕೂಗಿತು. ನಾನು ಅಂಗಳದಲ್ಲಿ ನಿಂತು ಥೇಟ್ ನವಿಲಿನ ಹಾಗೇ ಕೂಗಿದೆನಂತೆ. ಓಣಿಯವರೆಲ್ಲ ಬಂದು, ಗಂಗವ್ವ, ಹುಡುಗನಿಗೆ ಬಾಯಿ ಬಂತು, ಹರಕೆ ತೀರಿಸು ಎಂದರು. ದೊಡ್ಡವ್ವ ಒಪ್ಪಲಿಲ್ಲ. ಕೂಗು ಮಾತಲ್ಲ ಎಂದು ಹಟ ಹಿಡಿದು ಕಾದಳು. ಸುಗ್ಗಿ ಕಳೆದ ಮೇಲೆ ಒಂದು ದಿನ ನಾನು ಅವಳ ಸೆರಗು ಜಗ್ಗಿ ‘ದೊಡ್ಡವ್ವ’ ಎಂದೆ. ಅದು ನನ್ನ ಮೊದಲ ಮಾತು.

“ಮಾತ ಬರಲಿ ಅಂತ ಬೇಡಿಕೊಂಡೆ,” ಎಂದಳು. “ನಡುವ ನಿಲ್ಲಲಿ ಅನ್ನೂದು ಬೇಡಿಕೊಳ್ಳಾಕ ಮರತೆ.”

ರಫೀಕ ಬಿದ್ದು ಬಿದ್ದು ನಕ್ಕ. ಆದರೆ ಅವಳು ನಗಲಿಲ್ಲ. ಆ ವರ್ಷ ಬಾಣಂತನ, ಮರುವರ್ಷ ಮನೆ ಕಟ್ಟುವುದು, ಅದರ ಮರುವರ್ಷ ಇನ್ನೊಂದು. ನಾಳೆ ಹೋದರಾಯಿತು ಎನ್ನುವುದರಲ್ಲಿ ಮೊಣಕಾಲು ಹೋದವು. ಮಗ ಕಾರಿನಲ್ಲಿ ಕರೆದೊಯ್ಯುತ್ತೇನೆ ಎಂದ, ಬೇಡ ಎಂದಳು. ನಾನೇ ನಡೆದು ಬರುತ್ತೇನೆ ಎಂದ, ಅದೂ ಬೇಡ ಎಂದಳು. ಮಾತು ಬಂದದ್ದು ಬಸುಗೆ, ನಿನ್ನ ಕಾಲು ಯಾಕೆ ಸವೆಯಬೇಕು ಎಂದು ಕೇಳಿದಳಂತೆ. ನನ್ನನ್ನು ಕೇಳಲು ಮಾತ್ರ ಅವಳಿಗೆ ಮನಸ್ಸಾಗಲಿಲ್ಲ. ಕೇಳಿದರೆ ಇವನು ಅದನ್ನೂ ಆಟ ಮಾಡುತ್ತಾನೆ ಎಂದು.

“ಈಗ ನೀನ ಹೊಂಟೀಯಲ್ಲ, ಯಾರೂ ಹೇಳದ,” ಎಂದಳು. “ನಾ ಇರೂದರಾಗ ಇದೊಂದು ಮುಟ್ಟಿಸಿ ಬಾರೋ ಯಪ್ಪಾ.”

ದೊಡ್ಡವ್ವನ ದನಿಯನ್ನೂ ನಾನು ಚೆನ್ನಾಗಿ ಮಾಡುತ್ತೇನೆ. ಮದುವೆ ಮನೆಗಳಲ್ಲಿ ಅದಕ್ಕೆ ಬಹಳ ಬೇಡಿಕೆ. ಆ ಸಂಜೆ ಮಾಡಲಿಲ್ಲ.

ಆದರೂ ವ್ಯಾಪಾರಸ್ಥರ ಮನೆತನ, ಚೌಕಾಸಿ ಬಿಟ್ಟೀತೇ? ಬೂಟು ಹಾಕಿಕೊಳ್ಳಬಹುದೇ? ಇಲ್ಲ. ಮಾತಾಡದೆ ಬರೀ ಹಾಡು ಹೇಳಿಕೊಳ್ಳಬಹುದೇ? ಇಲ್ಲ. ಓಡಬಹುದೇ? “ಓಡತೀಯೋ, ತೆವಳತೀಯೋ, ನಿನಗ ಬಿಟ್ಟಿದ್ದು. ಬಾಯಿ ಮುಚ್ಚು.”

ಹೀಗೆ ನನ್ನ ಸೀನಿಕ್ ಟ್ರೇಲ್ ರನ್ ಭಾನುವಾರ ಬೆಳಗಿನ ಮಂಜಿನಲ್ಲಿ ಶುರುವಾಯಿತು. ಗುಡಿಯ ಮುಂದೆ ಕಾಯಿ ಒಡೆದ ಮೇಲಾದರೂ ಬೂಟು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳೋಣ ಎಂದು ರಫೀಕ ಲೇಸು ಗಂಟು ಹಾಕಿ ಕೊರಳಿಗೆ ಇಳಿಬಿಟ್ಟ. ದೊಡ್ಡವ್ವ ಕಟ್ಟೆಯ ಮೇಲೆ ಕೂತು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. ನಾನು ಓಡಿದೆ. ಹಳ್ಳದ ತಿರುವಿನ ತನಕ, ಅವಳಿಗೆ ಕಾಣುವಷ್ಟು ದೂರ. ಅಲ್ಲಿ ಮೊದಲ ಜಾಲಿಮುಳ್ಳು ಸಿಕ್ಕಿತು. ಅಯ್ಯೋ ಎನ್ನಲೂ ಹಕ್ಕಿಲ್ಲದವನಿಗೆ ಮುಳ್ಳು ಎಷ್ಟು ಆಳ ಹೋಗುತ್ತದೆ ಎಂದು ನಿಮಗೆ ಗೊತ್ತೇ?

ದಾರಿ ಚೆಂದವಿತ್ತು, ಸುಳ್ಳು ಹೇಳುವುದಿಲ್ಲ. ನೀರಿನ ಮೇಲೆ ಹೊಗೆಯಂಥ ಮಂಜು, ಜೊಂಡಿನ ಪೊದೆಯಿಂದ ಹಾರುವ ಬೆಳ್ಳಕ್ಕಿ, ಆಚೆ ದಂಡೆಯಲ್ಲಿ ಹತ್ತಿ ಬಿಡಿಸುವವರ ಮಾತು. ಮ್ಯಾಪಿನಲ್ಲಿ ಕಾಣದ್ದೂ ಬಹಳ ಇತ್ತು. ಪಂಪ್‌ಸೆಟ್ಟಿನ ಪೈಪುಗಳನ್ನು ದಾಟಬೇಕು, ಬಟ್ಟೆ ಒಗೆಯುವವರ ನಡುವೆ ತಲೆ ತಗ್ಗಿಸಿ ಹೋಗಬೇಕು, ದಾರಿಗೆ ಅಡ್ಡ ಮಲಗಿದ ಎಮ್ಮೆಯನ್ನು ಸನ್ನೆಯಲ್ಲೇ ಎಬ್ಬಿಸಬೇಕು. (ಎಮ್ಮೆಗೆ ಸನ್ನೆ ತಿಳಿಯುವುದಿಲ್ಲ.)

ಆದರೆ ಮುಳ್ಳಿಗಿಂತ ಚುಚ್ಚಿದ್ದು ರಫೀಕ. ನನ್ನ ಬಾಯಿ ಬಂದ್ ಆಗಿದೆ ಎಂದು ತಿಳಿದ ಕ್ಷಣದಿಂದ ಅವನ ಬಾಯಿ ತೆರೆದುಕೊಂಡಿತು. ದಂಡೆಯ ಬಂಡಿದಾರಿಯಲ್ಲಿ ಬೈಕನ್ನು ನನ್ನ ಪಕ್ಕಕ್ಕೇ ತೆವಳಿಸುತ್ತಾ, ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದವರಿಗೆಲ್ಲ ನನ್ನ ಪರವಾಗಿ ಉತ್ತರ ಕೊಟ್ಟ. ಹತ್ತಿಯ ಹೊಲದವರಿಗೆ, ಹೆಣ್ಣು ನೋಡಲು ಹೊರಟಿದ್ದಾನೆ, ಬಸ್ಸಿನಲ್ಲಿ ಬಂದರೆ ಒಲ್ಲೆವೆಂದಿದ್ದಾರೆ ಎಂದ. ಮೀನು ಹಿಡಿಯುವವರಿಗೆ, ಬೂಟು ಕದ್ದು ಸಿಕ್ಕಿಬಿದ್ದಿದ್ದ, ಹೀಗೆ ಮೆರವಣಿಗೆ ಮಾಡಿಸುತ್ತಿದ್ದೇವೆ ಎಂದ. ಹಾಗೆ ಹೇಳುವಾಗ ನನ್ನದೇ ದನಿ, ನನ್ನದೇ ಕುತ್ತಿಗೆಯ ಕುಣಿತ! ಇಷ್ಟು ವರ್ಷ ನಾನು ದನಿ ಅಣಕಿಸಿದವರಿಗೆಲ್ಲ ಹೀಗೇ ಆಗುತ್ತಿತ್ತೇ? ಅವರೆಲ್ಲ ಹೇಗೆ ಸುಮ್ಮನಿದ್ದರು?

ವರದೆಯ ದಂಡೆಯ ಒಂದು ಹಳ್ಳಿಯಲ್ಲಿ ಅರಳಿಕಟ್ಟೆಯ ಮೇಲೆ ಕೂತಿದ್ದವರು ನನ್ನ ಕಾಯಿ ನೋಡಿ ಕೈ ಮುಗಿದರು. ಇವನೇಕೆ ಮಾತಾಡುವುದಿಲ್ಲ ಎಂದು ಒಬ್ಬಾಕೆ ಕೇಳಿದಳು. ರಫೀಕ ದನಿ ತಗ್ಗಿಸಿದ. “ಹುಟ್ಟಾ ಮೂಗ ಅದಾನ್ರಿ ಯವ್ವಾ. ಬಾಯಿ ಬರಲಿ ಅಂತ ಹೊಂಟಾನ.”

ಆಕೆಯ ಕಣ್ಣು ತುಂಬಿದವು. ಒಳಗೆ ಹೋಗಿ ಬಿಸಿ ಸಿರಾ ತಂದು ನನ್ನ ಕೈಗೆ ಹಾಕಿ, ತಲೆ ಸವರಿ, ಗಳಗೇಶ್ವರ ಈ ಕೂಸಿಗೆ ಮಾತು ಕೊಡಲಿ ಎಂದು ಬೇಡಿಕೊಂಡಳು. ಅಲ್ಲಿಗೆ ನನ್ನ ಮಾತಿಗಾಗಿ ಬೇಡಿಕೊಂಡ ಹೆಂಗಸರು ಇಬ್ಬರಾದರು. ಇಲ್ಲ ಎನ್ನಲು ಬಾಯಿಲ್ಲ, ಹೌದು ಎನ್ನಲು ಮುಖವಿಲ್ಲ. ತಲೆ ತಗ್ಗಿಸಿ ಸಿರಾ ತಿಂದೆ. (ಚೆನ್ನಾಗಿತ್ತು.)

ಅಷ್ಟರಲ್ಲಿ ಕಟ್ಟೆಯ ತುದಿಯಲ್ಲಿದ್ದವನೊಬ್ಬ ನನ್ನನ್ನು ದಿಟ್ಟಿಸಿದ.

“ಇಂವ ಆ ಮಿಮಿಕ್ರಿ ಬಸ್ಯಾ ಅಲ್ಲೇನ್ರಲೇ? ಹೋದ ಗಣಪ್ತಿಗೆ ನಮ್ಮ ಛೇರ್ಮನ್ನರ ದನಿ ಮಾಡಿದ್ದ.”

ಕಟ್ಟೆಯ ಮೇಲಿದ್ದವರೆಲ್ಲ ಎದ್ದರು. ಸಿರಾ ಕೊಟ್ಟಾಕೆ ಸೌಟು ಹಿಡಿದೇ ಎದ್ದಳು. ರಫೀಕ, “ಯಾ ಅಲ್ಲಾ” ಎಂದು ಬೈಕಿನ ಕಿಕ್ ಹೊಡೆದ. ನಾನು ಓಡಿದೆ. ಕಾಯಿ ಕಂಕುಳಲ್ಲಿ, ಬೂಟುಗಳು ಎದೆಗೆ ಬಡಿಯುತ್ತಾ, ಅರ್ಧ ಸಿರಾ ಅಂಗೈಯಲ್ಲಿ. ಇಡೀ ದಿನದಲ್ಲಿ ನಾನು ಖರೆ ಓಡಿದ್ದು ಅಷ್ಟೇ. ಆಪ್ ಅದಕ್ಕೆ ಒಂದು ಪದಕ ಕೊಟ್ಟಿದೆ.

ಬಿಸಿಲು ಏರಿತು. ಹಿಮ್ಮಡಿ ಬೊಕ್ಕೆಯೆದ್ದು ಒಡೆದಿತ್ತು. ರಫೀಕನೂ ಸುಮ್ಮನಾಗಿ ಬೈಕು ತಳ್ಳಿಕೊಂಡೇ ಬರುತ್ತಿದ್ದ. ಬೈಕು ಹತ್ತು, ಸ್ವಲ್ಪ ದೂರ ಬಿಡುತ್ತೇನೆ, ಯಾರು ನೋಡುತ್ತಾರೆ ಎಂದ. ಕಣ್ಣಿಗೆ ಕೈ ಅಡ್ಡ ಹಿಡಿದು ಕಟ್ಟೆಯ ಮೇಲೆ ಕೂತವಳು ನೆನಪಾದಳು. ಬೇಡವೆಂದು ತಲೆಯಾಡಿಸಿ ನಡೆದೆ. ದೂರದಲ್ಲಿ ಗುಡಿಯ ಶಿಖರ ಕಂಡಿತು. ಮುಗಿದೇ ಹೋಯಿತು ಎಂದು ಜೀವ ಹಗುರಾಯಿತು. ಆಗ ಪಕ್ಕದ ಗೋವಿನಜೋಳದ ಹೊಲದಿಂದ ನವಿಲೊಂದು ಕೂಗಿತು.

ನಾನು ಕೂಗಿದೆ.

ಯೋಚಿಸಿ ಕೂಗಿದ್ದಲ್ಲ. ನಿಮಗೆ ಆಕಳಿಕೆ ಬರುವ ಹಾಗೆ ನನಗೆ ಬಂತು. ಹೊಲದೊಳಗಿನ ನವಿಲು ಸಂತೋಷದಿಂದ ಇನ್ನೊಮ್ಮೆ ಕೂಗಿತು. ರಫೀಕ ಬೈಕು ನಿಲ್ಲಿಸಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

“ಹೋತಲ್ಲೋ,” ಎಂದ.

ನಾನು ದಂಡೆಯ ಮೇಲೆ ಕುಸಿದೆ. ಇಷ್ಟು ವರ್ಷ ಒಬ್ಬಳು ಎದೆಯಲ್ಲಿ ಇಟ್ಟುಕೊಂಡು ಬಂದದ್ದನ್ನು ಶಿಖರ ಕಾಣುವಷ್ಟು ಹತ್ತಿರದಲ್ಲಿ ಒಂದು ಕೂಗಿನಲ್ಲಿ ಹಾಳುಮಾಡಿದ್ದೆ. ಹಿಂದಕ್ಕೆ ಹೋಗಿ ಮೊದಲಿನಿಂದ ಬರಬೇಕೇ? ತಿರುಗಿ ನೋಡಿದೆ. ಬಂದ ದಾರಿ ಮ್ಯಾಪಿನಲ್ಲಿ ಇದ್ದಷ್ಟು ಸಣ್ಣದಾಗಿರಲಿಲ್ಲ. ರಫೀಕ ಪಕ್ಕದಲ್ಲಿ ಕೂತು, ಅಣಕವನ್ನೆಲ್ಲ ಬಿಟ್ಟು ತನ್ನ ದನಿಯಲ್ಲಿ ಮಾತಾಡಿದ. “ನಾ ಏನೂ ಕೇಳಿಲ್ಲ ದೋಸ್ತ. ಯಾರರೆ ಕೇಳಿದ್ರ ಅದ ಹೇಳತೇನಿ.”

ಅಷ್ಟು ಸುಳ್ಳು ಹೇಳಿದವನು ಇನ್ನೊಂದನ್ನು ನನಗೆ ಉಡುಗೊರೆಯಾಗಿ ಕೊಡುತ್ತಿದ್ದ. ನಾನು ಅವನ ಕೈ ಹಿಡಿದುಕೊಂಡೆ, ತಲೆ ಮಾತ್ರ ಅಡ್ಡಡ್ಡ ಆಡಿಸಿದೆ. ಕಾಯಿ ಮುಟ್ಟಿಸೋಣ, ಆಮೇಲೆ ಅವಳೇ ಹೇಳಲಿ. ತಪ್ಪೆಂದರೆ ಇನ್ನೊಮ್ಮೆ ನಡೆಯೋಣ.

ಗುಡಿಯಲ್ಲಿ ಕಾಯಿ ಒಡೆಸಿದೆ. ಹೊರಗೆ ಬಂದು ನದಿಗಳ ಕಡೆ ಮುಖ ಮಾಡಿ ದೊಡ್ಡವ್ವನಿಗೆ ಫೋನು ಹಚ್ಚಿದೆ. ರಫೀಕನ ಫೋನಿನಿಂದ, ನನ್ನದರ ಬ್ಯಾಟರಿಯನ್ನು ಆಪ್ ತಿಂದಿತ್ತು.

“ದೊಡ್ಡವ್ವ,” ಎಂದೆ. ದನಿ ಎಲ್ಲಿಂದಲೋ ಬಂದ ಹಾಗೆ ಬಂತು.

“ಯಾರ್ರಿ?”

“ನಾನ, ಬಸು.”

“ಬಸು ಎಲ್ಲಿ ಹಿಂಗ ಮಾತಾಡತಾನ? ಯಾರು ನೀವು, ಖರೇ ಹೇಳ್ರಿ.”

ಇನ್ನೊಮ್ಮೆ ಹೇಳಿದೆ, ಮತ್ತೊಮ್ಮೆ ಹೇಳಿದೆ. ಅವಳು ಸೊಸೆಯನ್ನು ಕರೆದು, ಯಾರೋ ನಮ್ಮ ಬಸುನ ಹೆಸರು ಹೇಳಿ ಫೋನು ಮಾಡುತ್ತಿದ್ದಾರೆ ನೋಡು ಎಂದಳು. ಕೊನೆಗೆ ರಫೀಕ ಫೋನು ಕಸಿದುಕೊಂಡು, ಇವನೇ ದೊಡ್ಡವ್ವ, ಅಲ್ಲಾನ ಆಣೆ, ನಿಮ್ಮ ಬಸುನೇ ಎಂದ.

“ನನಗ ಗುರುತ ಸಿಗವಲ್ದು ಅಂದ ಮ್ಯಾಲೆ,” ಎಂದಳು ನಿಧಾನವಾಗಿ, “ಖರೇನ ಸುಮ್ಮ ಹೋಗ್ಯಾನ.”

ನಾನು ಫೋನು ತಿರುಗಿ ತೆಗೆದುಕೊಂಡು ನವಿಲಿನ ಸಂಗತಿ ಹೇಳಿದೆ. ಮುಚ್ಚಿಡಲಿಲ್ಲ. ಹೇಳಿ ಕಣ್ಣು ಮುಚ್ಚಿ ನಿಂತೆ.

“ಆವತ್ತು ಓಣಿ ಮಂದಿ ಎಲ್ಲಾ ಮಾತು ಬಂತು ಅಂದ್ರೂ ನಾ ಒಪ್ಪಿದ್ದಿಲ್ಲ. ಇವತ್ತ ಹೆಂಗ ಒಪ್ಪಲಿ?” ಎಂದಳು ದೊಡ್ಡವ್ವ. “ಕೂಗು ಮಾತಲ್ಲೋ. ಮುಟ್ಟೇತಿ. ಬಸ್ಸಿಗೆ ಬಾ, ಇನ್ನ ನಡೀಬ್ಯಾಡ.” ಆಮೇಲೆ ಮೂಗು ಏರಿಸುವ ಸದ್ದು ಕೇಳಿಸಿತು. ಫೋನು ಮಾತ್ರ ಇಡಲಿಲ್ಲ.

ಬೂಟಿನ ಫೋಟೋ ಆಗಲಿಲ್ಲ. ಕಾಲು ಊದಿ ಬೂಟಿನೊಳಗೆ ಹೋಗಲಿಲ್ಲ. ರಫೀಕ ಈಗ ಸ್ಟೇಟಸ್ಸಿನಲ್ಲಿ ನನ್ನ ಒಡೆದ ಹಿಮ್ಮಡಿಯ ಚಿತ್ರ ಹಾಕಿ, ನಮ್ಮ ಅಂಗಡಿಯ ಬೂಟು ಹಾಕದಿದ್ದರೆ ಹೀಗಾಗುತ್ತದೆ ಎಂದು ಬರೆದಿದ್ದಾನೆ. ವ್ಯಾಪಾರ ಜೋರಂತೆ.

ಈ ವಾರವಿಡೀ ದೊಡ್ಡವ್ವನಿಗೆ ದಿನಾ ಫೋನು ಮಾಡುತ್ತಿದ್ದೇನೆ. ಲೈನ್‌ಮನ್ ಅಲ್ಲ, ಗ್ಯಾಸಿನವನಲ್ಲ, ಬರೀ ನಾನು. ಆರಾಮಾ ದೊಡ್ಡವ್ವ ಎನ್ನುತ್ತೇನೆ. ಅವಳು ಒಂದು ಗಳಿಗೆ ಕಿವಿಗೊಟ್ಟು ಕೇಳಿ, ಈ ದನಿ ಮಾತ್ರ ಸರಿಯಾಗಿ ಕೂತಿಲ್ಲ ನೋಡು ಬಸು, ಯಾರದು ಇದು ಎಂದು ಕೇಳುತ್ತಾಳೆ.

ನನ್ನದೇ ಎಂದರೆ ನಂಬುತ್ತಿಲ್ಲ. ನೀವೇ ಹೇಳಿ, ಇದು ನನ್ನದೇ ದನಿ ಎಂದು ಅವಳನ್ನು ನಂಬಿಸಲು ಈಗ ಯಾರ ದನಿಯಲ್ಲಿ ಮಾತಾಡಲಿ?